ಓದುಗರ ಪ್ರಶ್ನೆ, ವೈದ್ಯರ ಉತ್ತರ: ತಿಂಗಳುಗಳಾದರೂ ಮಾಯದ ಗಾಯಗಳು

ಕಾಲಿನ ಗಾಯ, ಅದರ ಡ್ರೆಸ್ಸಿಂಗ್ ಮತ್ತು ಅದಕ್ಕೆ ತಗಲುವ ಖರ್ಚಿನ ಬಗ್ಗೆ ಬಂದ ಪತ್ರಗಳೇ ಈ ಬಾರಿ ಹೆಚ್ಚಾಗಿದ್ದುದರಿಂದ ಇಡೀ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಒಂದೇ ವಿಷಯವನ್ನು ಕೇಳಿದ ಹಲವು ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿ ಮಾಡಿಕೊಂಡಿದ್ದೇನೆ. ಗಾಯವನ್ನು ಕಣ್ಣಾರೆ ನೋಡದೆ ಚಿಕಿತ್ಸೆಯನ್ನು ನಿರ್ಧರಿಸಲು ಸಾಧ್ಯವಿಲ್ಲವಾದ್ದರಿಂದ, ರೋಗಿಗಳ ಮೇಲೆ ನಡೆದ ಸಂಶೋಧನೆಗಳು ಏನನ್ನು ತೋರಿಸಿವೆ, ಅದರಿಂದ ನೀವು ನಿಮ್ಮ ವೈದ್ಯರನ್ನು ಏನು ಕೇಳಬಹುದು ಎಂಬುದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 64 ವರ್ಷ, ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿವೆ. ಅಂಗಾಲಿನಲ್ಲಿ ಐದು ತಿಂಗಳಿಂದ ಒಂದು ಗಾಯ ಮಾಯದೆ ಉಳಿದಿದೆ. ದಿನವೂ ಮನೆಗೆ ಬರುವ ಕಾಂಪೌಂಡರ್ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ನೊರೆ ಇಳಿದ ಮೇಲೆ ಒರೆಸಿ, ಬೆಟಡಿನ್ ಅದ್ದಿದ ಬಟ್ಟೆಯನ್ನಿಟ್ಟು ಕಟ್ಟುತ್ತಾರೆ. ಈಚೆಗೆ ತೋರಿಸಿದ ವೈದ್ಯರೊಬ್ಬರು ಶುದ್ಧ ನೀರಿನಲ್ಲಿ ತೊಳೆದರೆ ಸಾಕು ಎಂದರು. ಬರೀ ನೀರು ಹಾಕಿದರೆ ನಂಜಾಗುವುದಿಲ್ಲವೇ? (ಗೃಹಿಣಿ, ಸಾಗರ)

ಉತ್ತರ: ವೈದ್ಯರು ಹೇಳಿದ್ದು ಸರಿಯಾಗಿದೆ. ನೊರೆ ಎದ್ದರೆ ಕೊಳೆ ಹೋಗುತ್ತಿದೆ, ಉರಿದರೆ ಕ್ರಿಮಿ ಸಾಯುತ್ತಿದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿದೆಯೆಂದರೆ, ಉರಿಯದ ಔಷಧವನ್ನು ಔಷಧವೆಂದೇ ಜನ ಒಪ್ಪುವುದಿಲ್ಲ. ವಾಸ್ತವದಲ್ಲಿ ಪೆರಾಕ್ಸೈಡ್ ನಮ್ಮ ರಕ್ತ ಮತ್ತು ಜೀವಕೋಶಗಳಲ್ಲಿರುವ ಒಂದು ಕಿಣ್ವದ ಸಂಪರ್ಕಕ್ಕೆ ಬಂದಾಗ ಆಮ್ಲಜನಕ ಬಿಡುಗಡೆಯಾಗಿ ನೊರೆ ಏಳುತ್ತದೆ. ಅದು ಕ್ರಿಮಿಗಳ ಸಂಖ್ಯೆಯನ್ನು ಸೂಚಿಸುವುದಿಲ್ಲ.

ಗಾಯಕ್ಕೆ ಸುರಿಯುವ ಕ್ರಿಮಿನಾಶಕವು ಕ್ರಿಮಿಯ ಜೊತೆಗೆ ಗಾಯವನ್ನು ಮಾಯಿಸುವ ಜೀವಕೋಶಗಳನ್ನೂ ಕೊಲ್ಲಬಲ್ಲದು ಎಂಬ ಅನುಮಾನ ಹಳೆಯದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿದ್ದ ಆಲ್ಮ್ರೋತ್ ರೈಟ್ ಅವರ ಪ್ರಯೋಗಾಲಯದಲ್ಲಿ, ಮುಂದೆ ಪೆನಿಸಿಲಿನ್ ಕಂಡುಹಿಡಿದು ಹೆಸರಾದ ಅಲೆಕ್ಸಾಂಡರ್ ಫ್ಲೆಮಿಂಗ್ ಕೆಲಸ ಮಾಡುತ್ತಿದ್ದರು. ಸೈನಿಕರ ಆಳವಾದ ಗಾಯಗಳಲ್ಲಿ ಸಂದುಗೊಂದುಗಳಿರುವಂತೆಯೇ, ಚೂಪಾದ ಕೊಳವೆಗಳು ಹೊರಚಾಚಿದ ಗಾಜಿನ ಪಾತ್ರೆಯೊಂದನ್ನು ಅವರು ತಯಾರಿಸಿದರು. ಅದರೊಳಗೆ ಕ್ರಿಮಿನಾಶಕವನ್ನು ತುಂಬಿ ಚೆಲ್ಲಿದರೂ ಸಂದುಗಳಲ್ಲಿ ಅಡಗಿದ ಬ್ಯಾಕ್ಟೀರಿಯಾಗಳು ಬದುಕಿ ಉಳಿಯುತ್ತವೆ ಎಂಬುದನ್ನೂ, ಅದೇ ದ್ರಾವಣಗಳು ಕ್ರಿಮಿಗಳೊಡನೆ ಹೋರಾಡಬೇಕಾದ ಬಿಳಿ ರಕ್ತಕಣಗಳನ್ನು ಕೊಲ್ಲುತ್ತವೆ ಎಂಬುದನ್ನೂ ತೋರಿಸಿದರು. 1985ರಲ್ಲಿ ಅಮೆರಿಕದ ಸಂಶೋಧಕರು ಹೊಸ ಅಂಗಾಂಶವನ್ನು ಕಟ್ಟುವ ಮಾನವ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಶೇ 1ರ ಪೊವಿಡೋನ್ ಅಯೋಡಿನ್ (ಬೆಟಡಿನ್‌ನಲ್ಲಿರುವುದು ಇದೇ), ಶೇ 3ರ ಹೈಡ್ರೋಜನ್ ಪೆರಾಕ್ಸೈಡ್, ಶೇ 0.25ರ ಅಸಿಟಿಕ್ ಆಮ್ಲ ಮತ್ತು ಶೇ 0.5ರ ಸೋಡಿಯಂ ಹೈಪೋಕ್ಲೋರೈಟ್ ಇವುಗಳ ಪರಿಣಾಮವನ್ನು ಪರೀಕ್ಷಿಸಿದಾಗ, ನಾಲ್ಕೂ ಆ ಜೀವಕೋಶಗಳಿಗೆ ವಿಷವಾದವು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಗಾಜಿನ ತಟ್ಟೆಯಲ್ಲಿ ಬೆಳೆದ ಜೀವಕೋಶಕ್ಕೆ ಆದದ್ದೆಲ್ಲವೂ ಮನುಷ್ಯನ ಕಾಲಿನಲ್ಲಿರುವ ಗಾಯಕ್ಕೂ ಆಗಬೇಕೆಂದಿಲ್ಲ. ಬ್ರಿಟನ್ನಿನಲ್ಲಿ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿದ್ದ 317 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಔಷಧವಿಲ್ಲದ ಸಾಧಾರಣ ಜಾಲರಿ ಬಟ್ಟೆ, ಪೊವಿಡೋನ್ ಅಯೋಡಿನ್ ಸವರಿದ ಬಟ್ಟೆ ಮತ್ತು ಸ್ರಾವ ಹೀರುವ ದುಬಾರಿ ಆಧುನಿಕ ಡ್ರೆಸ್ಸಿಂಗ್ ಈ ಮೂರನ್ನು ಹೋಲಿಸಲಾಯಿತು. 24 ವಾರಗಳಲ್ಲಿ ಗಾಯ ಮಾಯ್ದವರು ಕ್ರಮವಾಗಿ ಶೇ 39, ಶೇ 44 ಮತ್ತು ಶೇ 45. ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ಆದ್ದರಿಂದ ಬೆಟಡಿನ್ ಹಾಕಿದ್ದರಿಂದಲೇ ನಿಮ್ಮ ಅತ್ತೆಯವರ ಗಾಯ ಉಳಿಯಿತೆಂದು ನಾನು ಹೇಳಲಾರೆ, ಮತ್ತು ಕಾಂಪೌಂಡರ್ ಅವರನ್ನು ದೂರಬೇಕಾದ ಕಾರಣವೂ ಇಲ್ಲ. ಆದರೆ ಪೆರಾಕ್ಸೈಡನ್ನು ಇಂದೇ ನಿಲ್ಲಿಸಬಹುದು. ಆಳವಾದ, ಬಾಯಿ ಕಿರಿದಾದ ಗಾಯದೊಳಕ್ಕೆ ಅದನ್ನು ಒತ್ತಡದಿಂದ ಹಾಯಿಸಿದಾಗ ಅನಿಲದ ಗುಳ್ಳೆಗಳು ರಕ್ತನಾಳವನ್ನು ಸೇರಿ ಅಪಾಯವಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ಇನ್ನು ನೀರಿನ ವಿಷಯ. ನೀರಿನಲ್ಲಿ ಗಾಯ ತೊಳೆಯುವ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಕಾಕ್ರೇನ್ ಸಂಸ್ಥೆಯ ಪರಿಶೀಲಕರು ಹಲವು ವರ್ಷಗಳಿಂದ ಒಟ್ಟುಗೂಡಿಸುತ್ತ ಬಂದಿದ್ದಾರೆ. 2022ರ ಆವೃತ್ತಿಯಲ್ಲಿ ಸುಮಾರು 2500 ಜನರು ಭಾಗವಹಿಸಿದ 13 ಪ್ರಯೋಗಗಳಿವೆ. ಕುಡಿಯಲು ಯೋಗ್ಯವಾದ ನಲ್ಲಿ ನೀರಿಗೂ ಸಲೈನ್‌ಗೂ ನಂಜಿನ ವಿಷಯದಲ್ಲಿ ಸ್ಪಷ್ಟವಾದ ವ್ಯತ್ಯಾಸ ಅವುಗಳಲ್ಲಿ ಕಾಣಲಿಲ್ಲ. ಅವುಗಳಲ್ಲಿ ಬಹುಪಾಲು ಹೊಸ ಗಾಯಗಳು ಮತ್ತು ಶಸ್ತ್ರಚಿಕಿತ್ಸೆಯ ಗಾಯಗಳಾಗಿದ್ದು, ಹಳೆಯ ಹುಣ್ಣುಗಳ ಮೇಲಿನ ಸಾಕ್ಷ್ಯ ತೆಳುವಾಗಿದೆ ಎಂಬುದನ್ನು ಪರಿಶೀಲಕರು ಮುಚ್ಚಿಟ್ಟಿಲ್ಲ.

ನಿಮ್ಮ ಮನೆಯ ನೀರು ಬಾವಿಯದೋ ಹೊಳೆಯದೋ ಆಗಿದ್ದರೆ ಕುದಿಸಿ, ಮುಚ್ಚಿಟ್ಟು, ಪೂರ್ತಿ ಆರಿದ ಮೇಲೆ ಬಳಸಿರಿ. ಒಂದು ಲೀಟರ್ ಕುದಿಸಿದ ನೀರಿಗೆ 9 ಗ್ರಾಂ, ಅಂದರೆ ಟೀ ಚಮಚದಲ್ಲಿ ಸುಮಾರು ಒಂದೂವರೆಯಷ್ಟು ಉಪ್ಪು ಹಾಕಿದರೆ ಅದು ಸಲೈನ್‌ಗೆ ಸಮವಾಗುತ್ತದೆ. ಕೈಗಳನ್ನು ಸೋಪಿನಿಂದ ತೊಳೆದುಕೊಂಡು, ನೀರನ್ನು ಧಾರೆಯಾಗಿ ಸುರಿದು, ಸುತ್ತಲಿನ ಚರ್ಮವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಒರೆಸಬೇಕು. ಗಾಯದ ತಳವನ್ನು ತಿಕ್ಕಬಾರದು. ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿ ಇಡುವ ಪದ್ಧತಿಯನ್ನಂತೂ ಬಿಡಲೇಬೇಕು, ಏಕೆಂದರೆ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದಕ್ಕೆ ಬಿಸಿಯ ಅಳತೆ ತಿಳಿಯದೆ ಸುಟ್ಟ ಗಾಯಗಳಾಗುತ್ತವೆ. ಇಷ್ಟೆಲ್ಲ ಮಾಡಿದರೂ ಅಂಗಾಲಿನ ಗಾಯ ಮಾಯುವುದು ತೊಳೆಯುವುದರಿಂದಲ್ಲ. ಅದಕ್ಕೆ ಬೇಕಾದದ್ದನ್ನು ಮುಂದಿನ ಉತ್ತರದಲ್ಲಿ ಓದಿರಿ.

ಪ್ರಶ್ನೆ: ನನ್ನ ತಂದೆ ಕೃಷಿಕರು, ಅವರಿಗೂ ಸಕ್ಕರೆ ಕಾಯಿಲೆಯಿದೆ. ಹೆಬ್ಬೆರಳಿನ ಬುಡದಲ್ಲಿ ಅಂಗಾಲಿನ ಕಡೆಗೆ ಹುಣ್ಣಾಗಿದೆ, ನೋವು ಸ್ವಲ್ಪವೂ ಇಲ್ಲ. ಗಾಯವನ್ನು ಒಳಗಿಟ್ಟು ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್ ಹಾಕುತ್ತೇವೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಮೂಳೆ ಮುರಿಯದೆ ಪ್ಲಾಸ್ಟರ್ ಏಕೆ? ಮುಚ್ಚಿದ ಗಾಯ ಒಳಗೇ ಕೊಳೆಯುವುದಿಲ್ಲವೇ? (ಪದವಿ ವಿದ್ಯಾರ್ಥಿ, ರಾಯಚೂರು)

ಉತ್ತರ: ನೋವಿಲ್ಲದಿರುವುದೇ ನಿಮ್ಮ ತಂದೆಯವರ ನಿಜವಾದ ಕಾಯಿಲೆ. ಮುಳ್ಳು ಚುಚ್ಚಿದರೆ ನಾವು ಕುಂಟುತ್ತೇವೆ, ಮತ್ತು ಹಾಗೆ ಕುಂಟುವುದರಿಂದಲೇ ಗಾಯದ ಮೇಲೆ ಭಾರ ಬೀಳದೆ ಅದು ಮಾಯುತ್ತದೆ. ನರಗಳ ಸ್ಪರ್ಶ ಹೋದವರು ಹುಣ್ಣಿನ ಮೇಲೆಯೇ ಗದ್ದೆಯವರೆಗೆ ನಡೆದು ಹೋಗಿ ಬರುತ್ತಾರೆ. ರಾತ್ರಿ ಕೂಡಿಕೊಂಡ ಹೊಸ ಅಂಗಾಂಶ ಬೆಳಗಿನ ನಡಿಗೆಯಲ್ಲಿ ಜಜ್ಜಿಹೋಗುತ್ತದೆ.

ಈ ತಿಳಿವಳಿಕೆಯ ಒಂದು ದೊಡ್ಡ ಭಾಗ ಬಂದದ್ದು ನಮ್ಮ ನೆರೆಯ ವೆಲ್ಲೂರಿನಿಂದ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಪಾದದ ಮಾಂಸ ತಾನಾಗಿಯೇ ಕೊಳೆಯುತ್ತದೆ ಎಂಬ ಆ ಕಾಲದ ನಂಬಿಕೆಯನ್ನು ಒಪ್ಪಲಿಲ್ಲ. ನೋವು ತಿಳಿಯದ ಪಾದದ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡದಿಂದಲೇ ಹುಣ್ಣಾಗುತ್ತದೆ ಎಂದು ಅವರು ವೆಲ್ಲೂರಿನಲ್ಲಿ, ಬಳಿಕ ಕರಿಗಿರಿಯ ಕುಷ್ಠರೋಗ ಸಂಶೋಧನಾ ಕೇಂದ್ರದಲ್ಲಿ ತೋರಿಸಿಕೊಟ್ಟರು, ಮತ್ತು ಕಾಲಿಗೆ ಅಂಟಿದಂತೆ ಕೂರುವ ಪ್ಲಾಸ್ಟರ್ ಹಾಕಿ ಆ ಹುಣ್ಣುಗಳನ್ನು ಮಾಯಿಸಿದರು. 1966ರಲ್ಲಿ ಅವರು ಅಮೆರಿಕದ ಲೂಸಿಯಾನದಲ್ಲಿದ್ದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಮೇಲೆ ಈ ವಿಧಾನ ಅಲ್ಲಿನ ಸಕ್ಕರೆ ಕಾಯಿಲೆಯವರ ಚಿಕಿತ್ಸೆಯಲ್ಲೂ ಬೇರೂರಿತು. ಸಮಾಜ ಊರಾಚೆ ಇಟ್ಟಿದ್ದ ಜನರ ಪಾದಗಳಿಂದ ಕಲಿತ ಪಾಠವು ಇಂದು ಜಗತ್ತಿನ ಅತಿ ಶ್ರೀಮಂತ ಆಸ್ಪತ್ರೆಗಳಲ್ಲೂ ಬಳಕೆಯಲ್ಲಿದೆ ಎಂಬುದನ್ನು ನೆನೆದಾಗ ನನಗೆ ಗೌರವ ಮೂಡುತ್ತದೆ.

ಪ್ರಯೋಗದ ಫಲಿತಾಂಶವೂ ಸ್ಪಷ್ಟವಾಗಿದೆ. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಗಾಲಿನ ಹುಣ್ಣಿದ್ದ 63 ಜನರಿಗೆ, ಯಾರಿಗೆ ಯಾವುದೆಂದು ಮೊದಲೇ ತಿಳಿಯದಂತೆ, ಮೂರು ಸಾಧನಗಳಲ್ಲಿ ಒಂದನ್ನು ಹಂಚಲಾಯಿತು. 12 ವಾರಗಳಲ್ಲಿ ಗಾಯ ಮಾಯ್ದವರು ಪ್ಲಾಸ್ಟರಿನವರಲ್ಲಿ ಶೇ 89.5, ಬಿಚ್ಚಿ ಹಾಕಬಹುದಾದ ಬೂಟಿನವರಲ್ಲಿ ಶೇ 65, ಅರ್ಧ ಪಾದರಕ್ಷೆಯವರಲ್ಲಿ ಶೇ 58.3. ಬಿಚ್ಚಬಹುದಾದ ಬೂಟು ಒತ್ತಡವನ್ನು ಪ್ಲಾಸ್ಟರಿನಷ್ಟೇ ಇಳಿಸುತ್ತಿದ್ದರೂ ಫಲ ಏಕೆ ಕಡಿಮೆಯಾಯಿತು ಎಂಬುದಕ್ಕೆ ಉತ್ತರ ಎರಡು ವರ್ಷಗಳ ನಂತರ ಸಿಕ್ಕಿತು. ಅದೇ ತಂಡದವರು ಬೂಟಿನೊಳಗೂ ಸೊಂಟದಲ್ಲೂ ಹೆಜ್ಜೆ ಎಣಿಸುವ ಯಂತ್ರವಿಟ್ಟು ನೋಡಿದಾಗ, ರೋಗಿಗಳು ತಮ್ಮ ಒಟ್ಟು ನಡಿಗೆಯಲ್ಲಿ ಶೇ 28ರಷ್ಟು ಮಾತ್ರ ಬೂಟು ಹಾಕಿಕೊಂಡು ನಡೆದಿದ್ದರು. ಮನೆಯೊಳಗಿನ ಓಡಾಟ ಲೆಕ್ಕಕ್ಕಿಲ್ಲ ಎಂದು ನಾವೆಲ್ಲರೂ ಭಾವಿಸುತ್ತೇವೆ. ಪಾದಕ್ಕೆ ಮಾತ್ರ ಎಲ್ಲವೂ ಲೆಕ್ಕಕ್ಕಿದೆ. ಬಿಚ್ಚುವ ಬೂಟಿನ ಮೇಲೆಯೇ ಒಂದು ಸುತ್ತು ಪ್ಲಾಸ್ಟರ್ ಸುತ್ತಿ ಬಿಚ್ಚದಂತೆ ಮಾಡಿದರೆ ಅದೂ ಪ್ಲಾಸ್ಟರಿಗೆ ಸಮನಾದ ಫಲ ಕೊಡುತ್ತದೆ ಎಂದು 2005ರಲ್ಲಿ ಇನ್ನೊಂದು ಪ್ರಯೋಗ ತೋರಿಸಿತು.

ಒಳಗೆ ಕೊಳೆಯುವ ಭಯಕ್ಕೆ ಕಾರಣವಿದೆ. ಪಾದಕ್ಕೆ ರಕ್ತ ಸರಿಯಾಗಿ ಹರಿಯದವರಿಗೆ, ತೀವ್ರ ನಂಜಾದವರಿಗೆ, ಮೂಳೆಗೆ ಸೋಂಕು ತಗುಲಿದೆಯೆಂಬ ಅನುಮಾನವಿದ್ದವರಿಗೆ ಹೀಗೆ ಮುಚ್ಚುವುದು ತಕ್ಕುದಲ್ಲ. ಆದ್ದರಿಂದ ಪ್ಲಾಸ್ಟರ್ ಹಾಕುವ ಮೊದಲು ಪಾದದ ನಾಡಿ ನೋಡಿದ್ದಾರೆಯೇ, ಎಕ್ಸ್‌ರೇ ಆಗಿದೆಯೇ, ಎಷ್ಟು ದಿನಕ್ಕೊಮ್ಮೆ ತೆಗೆದು ನೋಡುತ್ತಾರೆ ಎಂದು ಕೇಳಿರಿ. ಮೊದಲ ಪ್ಲಾಸ್ಟರನ್ನು ಕೆಲವೇ ದಿನಗಳಲ್ಲಿ, ಆಮೇಲೆ ಸಾಮಾನ್ಯವಾಗಿ ವಾರಕ್ಕೊಮ್ಮೆ ಬದಲಿಸುತ್ತಾರೆ. ಬಿತ್ತನೆಯ ಕಾಲವೆಂದು ಮುಂದೂಡಲು ನಿಮ್ಮ ತಂದೆಯವರು ಹೇಳಬಹುದು, ದಯವಿಟ್ಟು ಒಪ್ಪಬೇಡಿರಿ.

ಪ್ರಶ್ನೆ: ಪ್ರತಿ ವಾರ ಡಾಕ್ಟರರು ನಮ್ಮ ತಾಯಿಯವರ ಪಾದದ ಗಾಯವನ್ನು ಬ್ಲೇಡಿನಿಂದ ಕೆರೆದು ರಕ್ತ ಬರಿಸುತ್ತಾರೆ. ಪ್ರತಿ ಸಲವೂ ಗಾಯ ಮೊದಲಿಗಿಂತ ದೊಡ್ಡದಾಗಿ ಕಾಣುತ್ತದೆ. ಇದು ಅಗತ್ಯವೇ? ಹುಳು ಬಿಟ್ಟು ಗಾಯ ಸ್ವಚ್ಛ ಮಾಡುತ್ತಾರೆ ಎಂದೂ ಓದಿದೆ, ಅದು ನಿಜವೇ? (ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ಹಳೆಯ ಗಾಯದ ತಳದಲ್ಲಿ ಸತ್ತ ಅಂಗಾಂಶ ಹಳದಿ ಲೋಳೆಯಂತೆ ಕೂತಿರುತ್ತದೆ, ಅಂಚಿನಲ್ಲಿ ಚರ್ಮ ಗಟ್ಟಿಕಟ್ಟಿ ದಪ್ಪವಾಗಿರುತ್ತದೆ. ಇವೆರಡರ ನಡುವೆ ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನೊಳಗೆ ಗುಂಪುಗೂಡಿ ಬದುಕುತ್ತವೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಕೆರೆಯ ಕಲ್ಲಿನ ಮೇಲಿನ ಪಾಚಿಯಂತೆ ಅದು ಬರೀ ನೀರು ಹಾಯಿಸಿದರೆ ಹೋಗದು, ಕೆರೆದೇ ತೆಗೆಯಬೇಕು. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೂಕ್ಷ್ಮದರ್ಶಕದಡಿ ನೋಡಿದಾಗ ಹಳೆಯ ಗಾಯಗಳಲ್ಲಿ ಶೇ 60ರಷ್ಟರಲ್ಲಿ, ಹೊಸ ಗಾಯಗಳಲ್ಲಿ ಕೇವಲ ಶೇ 6ರಷ್ಟರಲ್ಲಿ ಬಯೋಫಿಲ್ಮ್ ಕಂಡುಬಂದಿತು. ಅಂಚಿನ ದಪ್ಪ ಚರ್ಮವನ್ನು ತೆಗೆದಾಗ ಅದರಡಿ ಅಡಗಿದ್ದ ಗಾಯದ ನಿಜವಾದ ಅಳತೆ ಕಾಣುತ್ತದೆ. ಹೀಗಾಗಿ ಅದು ದೊಡ್ಡದಾದಂತೆ ತೋರುತ್ತದೆ.

ಈ ಕೆರೆಯುವಿಕೆಗೆ ಸಾಕ್ಷ್ಯವೇನು ಎಂದು ಕೇಳಿದರೆ, ಶಸ್ತ್ರವೈದ್ಯರಾದ ನಾವು ಊಹಿಸಿಕೊಂಡಷ್ಟು ಗಟ್ಟಿಯಾದದ್ದು ಇಲ್ಲ ಎಂದೇ ಹೇಳಬೇಕು. 1996ರಲ್ಲಿ ಪ್ರಕಟವಾದ, 118 ರೋಗಿಗಳಿದ್ದ ಅಮೆರಿಕದ ಅಧ್ಯಯನದಲ್ಲಿ ಹೆಚ್ಚು ಬಾರಿ ಕೆರೆದು ಸ್ವಚ್ಛಗೊಳಿಸುತ್ತಿದ್ದ ಕೇಂದ್ರಗಳಲ್ಲಿ ಹೆಚ್ಚು ಗಾಯಗಳು ಮಾಯ್ದವು. ಆದರೆ ಆ ಪ್ರಯೋಗ ನಡೆದದ್ದು ಬೇರೊಂದು ಔಷಧವನ್ನು ಪರೀಕ್ಷಿಸಲು, ಕೆರೆಯುವುದನ್ನು ಹೋಲಿಸಲು ಅಲ್ಲ. ಹೆಚ್ಚು ಕೆರೆಯುವ ಕೇಂದ್ರಗಳು ಉಳಿದ ಆರೈಕೆಯಲ್ಲೂ ಮುಂದಿದ್ದಿರಬಹುದು.

ಹುಳುಗಳ ವಿಷಯ ನಿಜ, ಮತ್ತು ಬಹಳ ಪಾಠ ಕಲಿಸುವಂಥದ್ದು. ಪ್ರಯೋಗಾಲಯದಲ್ಲಿ ಕ್ರಿಮಿರಹಿತವಾಗಿ ಬೆಳೆಸಿದ ಹಸಿರು ನೊಣದ ಮರಿಹುಳುಗಳು ಸತ್ತ ಅಂಗಾಂಶವನ್ನು ಮಾತ್ರ ಕರಗಿಸಿ ತಿನ್ನುತ್ತವೆ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಕಾಲಿನ ಹುಣ್ಣಿದ್ದ 267 ಜನರಲ್ಲಿ ಕೆಲವರಿಗೆ ಹುಳುಗಳನ್ನು, ಉಳಿದವರಿಗೆ ಹೈಡ್ರೋಜೆಲ್ ಎಂಬ ಲೇಪವನ್ನು ಹಾಕಿದರು. ಬಿಡಿ ಹುಳು ಹಾಕಿದವರ ಗಾಯ 14 ದಿನಗಳಲ್ಲಿ, ಚೀಲದಲ್ಲಿಟ್ಟ ಹುಳು ಹಾಕಿದವರ ಗಾಯ 28 ದಿನಗಳಲ್ಲಿ ಸ್ವಚ್ಛವಾದರೆ, ಜೆಲ್ ಹಾಕಿದವರಿಗೆ 72 ದಿನಗಳು ಬೇಕಾದವು. ಆದರೆ ಗಾಯ ಪೂರ್ತಿ ಮಾಯಲು ಹಿಡಿದ ಮಧ್ಯಮ ಅವಧಿ, ಅಂದರೆ ಅರ್ಧದಷ್ಟು ಜನರಿಗೆ ಮಾಯುವ ಹೊತ್ತಿಗೆ ಕಳೆದ ಕಾಲ, ಹುಳುವಿನವರಲ್ಲಿ 236 ದಿನ, ಜೆಲ್‌ನವರಲ್ಲಿ 245 ದಿನ. ಅಂದರೆ ಹೆಚ್ಚುಕಡಿಮೆ ಒಂದೇ. ನೋವು ಮಾತ್ರ ಹುಳುವಿನವರಿಗೆ ಹೆಚ್ಚಾಗಿತ್ತು. ಗಾಯದ ತಳ ಕೆಂಪಗೆ ಚೊಕ್ಕಟವಾಗಿ ಕಂಡರೆ ವೈದ್ಯರಿಗೂ ಮನೆಯವರಿಗೂ ಸಮಾಧಾನವಾಗುತ್ತದೆ, ಆದರೆ ಚೊಕ್ಕಟವಾಗುವುದೂ ಮಾಯುವುದೂ ಒಂದೇ ಅಲ್ಲ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಇನ್ನೊಂದು ಪ್ರಯೋಗವನ್ನು ನಾನು ಕಾಣೆ. ಇಲ್ಲಿ ಹೇಳಿದ್ದು ಪ್ರಯೋಗಾಲಯದ ಹುಳುಗಳ ಮಾತು; ತೆರೆದ ಗಾಯದಲ್ಲಿ ಬೀದಿಯ ನೊಣ ಮೊಟ್ಟೆಯಿಟ್ಟು ಆಗುವ ಹುಳು ಅಪಾಯಕಾರಿ, ಅದನ್ನು ತಕ್ಷಣ ತೆಗೆಸಬೇಕು.

ಹಾಗಾದರೆ ನಿಮ್ಮ ತಾಯಿಯವರಿಗೆ ಕೆರೆಯುವುದನ್ನು ನಿಲ್ಲಿಸಬೇಕೇ? ಬೇಡ. ಅಂಗಾಲಿನ ದಪ್ಪ ಚರ್ಮವೇ ಒತ್ತಡವನ್ನು ಹೆಚ್ಚಿಸುತ್ತದೆ, ಅದರಡಿ ಕೀವು ಅಡಗಿರಬಹುದು, ಸತ್ತ ಅಂಗಾಂಶವಿದ್ದರೆ ಗಾಯದ ಆಳ ತಿಳಿಯುವುದಿಲ್ಲ. ಆದ್ದರಿಂದಲೇ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗೆ ಹರಿತವಾದ ಉಪಕರಣದಿಂದ ಸ್ವಚ್ಛಗೊಳಿಸುವುದನ್ನೇ ಮೊದಲು ಸೂಚಿಸುತ್ತದೆ. ಕಾಲಿನ ರಕ್ತ ಸಂಚಾರವನ್ನು ಪರೀಕ್ಷಿಸದೆ ಒಣಗಿದ ಕಪ್ಪು ಭಾಗವನ್ನು ಮಾತ್ರ ಕತ್ತರಿಸಬಾರದು.

ನೀವು ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ವಾರಕ್ಕೊಮ್ಮೆ, ಸ್ವಚ್ಛಗೊಳಿಸಿದ ಮೇಲೆ, ಗಾಯದ ಉದ್ದ ಮತ್ತು ಅಗಲವನ್ನು ಅಳೆದು ಬರೆದಿಡಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. 203 ರೋಗಿಗಳ ಅಧ್ಯಯನವೊಂದರಲ್ಲಿ (2003) ಮೊದಲ ನಾಲ್ಕು ವಾರಗಳಲ್ಲಿ ಗಾಯದ ವಿಸ್ತೀರ್ಣ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕುಗ್ಗಿದವರಲ್ಲಿ ಶೇ 58ರಷ್ಟು ಜನರಿಗೆ 12 ವಾರಗಳಲ್ಲಿ ಗಾಯ ಮಾಯಿತು. ಅಷ್ಟು ಕುಗ್ಗದವರಲ್ಲಿ ಮಾಯ್ದದ್ದು ಶೇ 9ಕ್ಕೆ ಮಾತ್ರ. ನಾಲ್ಕು ವಾರವಾದರೂ ಅಳತೆ ಕುಗ್ಗದಿದ್ದರೆ ಅದೇ ಡ್ರೆಸ್ಸಿಂಗನ್ನು ಇನ್ನೂ ನಾಲ್ಕು ತಿಂಗಳು ಮುಂದುವರಿಸುವುದರಲ್ಲಿ ಅರ್ಥವಿಲ್ಲ. ರಕ್ತ ಸಂಚಾರ, ಒತ್ತಡ, ಮೂಳೆಯ ಸೋಂಕು, ಸಕ್ಕರೆಯ ಹತೋಟಿ ಇವುಗಳಲ್ಲಿ ಯಾವುದು ಬಿಟ್ಟುಹೋಗಿದೆ ಎಂದು ಹುಡುಕಬೇಕು. ಬಹುಕಾಲದ ಗಾಯ ವಿಚಿತ್ರವಾಗಿ ಅಂಚುಬ್ಬಿ ಬೆಳೆಯುತ್ತಿದ್ದರೆ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ತುಣುಕು ತೆಗೆದು ಪರೀಕ್ಷಿಸಬೇಕಾಗುತ್ತದೆ.

ಪ್ರಶ್ನೆ: ಬೆಳ್ಳಿಯ ಡ್ರೆಸ್ಸಿಂಗ್ ಎಂದು ಒಂದೊಂದಕ್ಕೂ ನೂರಾರು ರೂಪಾಯಿ ಆಗುತ್ತಿದೆ. ಅದರ ಬದಲು ಜೇನುತುಪ್ಪ ಅಥವಾ ಅರಿಶಿನ ಹಾಕಬಹುದೇ? ಗಾಯವನ್ನು ಗಾಳಿಗೆ ಬಿಟ್ಟರೆ ಬೇಗ ಒಣಗುತ್ತದೆ ಎಂದು ಹಿರಿಯರು ಹೇಳುತ್ತಾರೆ. (ಶಿಕ್ಷಕಿ, ಚಿತ್ರದುರ್ಗ)

ಉತ್ತರ: ಕೊನೆಯದನ್ನು ಮೊದಲು ಹೇಳುತ್ತೇನೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ಬ್ರಿಟಿಷ್ ಸಂಶೋಧಕರು ಹಂದಿಗಳ ಚರ್ಮದ ಮೇಲಿನ ಗಾಯಗಳಲ್ಲಿ ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ನೋಡಿದಾಗ, ಮುಚ್ಚಿ ತೇವವಾಗಿಟ್ಟ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹರಡಿತು. ಗಾಳಿಗೆ ಬಿಟ್ಟರೆ ಹೊಪ್ಪಳೆ ಕಟ್ಟುತ್ತದೆ, ಹೊಸ ಜೀವಕೋಶಗಳು ಅದರಡಿ ದಾರಿ ಮಾಡಿಕೊಂಡು ಸಾಗಬೇಕಾಗುತ್ತದೆ. ತೇವವೆಂದರೆ ಒದ್ದೆಯಲ್ಲ, ಸ್ರಾವ ಸೋರಿ ಸುತ್ತಲಿನ ಚರ್ಮ ಬೆಳ್ಳಗೆ ನೆನೆಯುವಂತಾದರೆ ಅದೂ ಹಾನಿಯೇ. ರಕ್ತ ಸಂಚಾರವಿಲ್ಲದೆ ಒಣಗಿದ ಕಪ್ಪು ಬೆರಳಿಗೆ ಈ ತೇವದ ನಿಯಮ ಅನ್ವಯಿಸುವುದಿಲ್ಲ.

ಬೆಳ್ಳಿಯ ಡ್ರೆಸ್ಸಿಂಗ್ ಬಗ್ಗೆ 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ, ಅಭಿಧಮನಿಯ (ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳದ) ದೋಷದಿಂದ ಕಾಲಿನ ಹುಣ್ಣಾದ 213 ಜನರಿದ್ದರು. 12 ವಾರಗಳಲ್ಲಿ ಬೆಳ್ಳಿಯವರಲ್ಲಿ ಶೇ 59.6, ಬೆಳ್ಳಿಯಿಲ್ಲದ ಸಾಧಾರಣ ಡ್ರೆಸ್ಸಿಂಗ್‌ನವರಲ್ಲಿ ಶೇ 56.7 ಜನರಿಗೆ ಮಾಯಿತು. ಇದು ನೆಚ್ಚಬಹುದಾದ ವ್ಯತ್ಯಾಸವಲ್ಲ. ಜೇನುತುಪ್ಪವನ್ನು ಸುಟ್ಟ ಗಾಯಗಳ ಮೇಲೆ ಮಹಾರಾಷ್ಟ್ರದ ಸೊಲ್ಲಾಪುರದಲ್ಲಿ ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದ ವರದಿ ಆಶಾದಾಯಕವಾಗಿತ್ತು. ಹಳೆಯ ಕಾಲಿನ ಹುಣ್ಣಿನಲ್ಲಿ ಅದು ಹಾಗಾಗಲಿಲ್ಲ. 2008ರ ನ್ಯೂಜಿಲೆಂಡ್ ಪ್ರಯೋಗದಲ್ಲಿ 368 ಜನರಿದ್ದರು. ಮನೂಕಾ ಜೇನಿನ ಡ್ರೆಸ್ಸಿಂಗ್ ಪಡೆದವರಲ್ಲಿ ಶೇ 55.6, ಮಾಮೂಲಿ ಆರೈಕೆಯವರಲ್ಲಿ ಶೇ 49.7 ಜನರಿಗೆ ಮಾಯಿತು. ಅಂತರ ಆಕಸ್ಮಿಕವಿರಬಹುದಾದಷ್ಟೇ ಇತ್ತು, ಉರಿ ಮತ್ತು ನೋವಿನ ದೂರು ಜೇನಿನವರಲ್ಲಿ ಹೆಚ್ಚಿತ್ತು. ಅಡುಗೆಮನೆಯ ಜೇನುತುಪ್ಪ ಆ ಪ್ರಯೋಗದ ಜೇನಿನಂತೆ ಕ್ರಿಮಿರಹಿತಗೊಳಿಸಿದ್ದಲ್ಲ. ಅಂಗಡಿಯ ಅರಿಶಿನ ಪುಡಿಯೂ ಅಷ್ಟೇ. ಅದು ಗಾಯದ ತಳಕ್ಕೆ ಅಂಟಿಕೊಂಡು, ಒಳಗಿನ ಬಣ್ಣವನ್ನೇ ಮರೆಮಾಡುತ್ತದೆ. ಕಾಫಿ ಪುಡಿ, ಸುಣ್ಣ, ಬೀಡಿಯ ಬೂದಿಗಳನ್ನು ಹಾಕಲೇಬಾರದು.

ಒಂದು ಡ್ರೆಸ್ಸಿಂಗ್ ಮಾತ್ರ ಈ ಪಟ್ಟಿಯಿಂದ ಬೇರೆಯಾಗಿ ನಿಲ್ಲುತ್ತದೆ. ಸುಕ್ರೋಸ್ ಆಕ್ಟಸಲ್ಫೇಟ್ ಎಂಬ ಸಂಯುಕ್ತವನ್ನು ಸೇರಿಸಿದ ಡ್ರೆಸ್ಸಿಂಗನ್ನು, ನರದೌರ್ಬಲ್ಯದ ಜೊತೆಗೆ ರಕ್ತ ಸಂಚಾರವೂ ಸ್ವಲ್ಪ ಕಡಿಮೆಯಿದ್ದ 240 ಮಧುಮೇಹಿಗಳಲ್ಲಿ, ಯಾವುದು ಯಾವುದೆಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಯುರೋಪಿನಲ್ಲಿ ಪರೀಕ್ಷಿಸಿದಾಗ, 20 ವಾರಗಳಲ್ಲಿ ಶೇ 48 ಜನರಿಗೆ ಮಾಯಿತು. ಅದೇ ಡ್ರೆಸ್ಸಿಂಗನ್ನು ಆ ಸಂಯುಕ್ತವಿಲ್ಲದೆ ಹಾಕಿದವರಲ್ಲಿ ಶೇ 30. 2018ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ಹಣ ನೀಡಿದ್ದು ತಯಾರಕ ಕಂಪನಿಯೇ ಎಂಬುದನ್ನು ಮರೆಯಬಾರದು, ಆದರೂ ಅದನ್ನು ನಡೆಸಿದ ಕ್ರಮ ಅಚ್ಚುಕಟ್ಟಾಗಿತ್ತು. ನಿಮ್ಮ ಖರ್ಚಿನ ಪ್ರಶ್ನೆಗೆ ನನ್ನ ನೇರ ಉತ್ತರವಿದು: ಹಣ ಮಿತವಾಗಿದ್ದರೆ ಸ್ವಚ್ಛವಾದ, ಅಂಟಿಕೊಳ್ಳದ ಸಾಧಾರಣ ಡ್ರೆಸ್ಸಿಂಗ್ ಬಳಸಿ, ಉಳಿದ ಹಣವನ್ನು ರಕ್ತನಾಳದ ಪರೀಕ್ಷೆಗೂ ಸರಿಯಾದ ಪಾದರಕ್ಷೆಗೂ ಇಟ್ಟುಕೊಳ್ಳಿರಿ.

ಪ್ರಶ್ನೆ: ನಾನು ನಿವೃತ್ತ ಬಸ್ ಕಂಡಕ್ಟರ್. ನಿಂತು ನಿಂತು ಕಾಲಿನ ನರಗಳು ಉಬ್ಬಿವೆ. ಒಳಪಾದದ ಗೆಣ್ಣಿನ ಮೇಲೆ ಮೂರು ವರ್ಷದಿಂದ ಹುಣ್ಣಿದ್ದು, ಮಾಯುತ್ತದೆ, ಮತ್ತೆ ಬರುತ್ತದೆ. (ಮೈಸೂರು)

ಉತ್ತರ: ನೀವು ನರವೆಂದದ್ದು ಅಭಿಧಮನಿಗಳನ್ನು, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳನ್ನು. ಅವುಗಳ ಕವಾಟಗಳು ಸಡಿಲಗೊಂಡು ರಕ್ತ ಕೆಳಗೇ ನಿಂತು ಚರ್ಮ ಕೆಡುತ್ತದೆ. ಈ ಹುಣ್ಣಿಗೆ ಮುಖ್ಯ ಚಿಕಿತ್ಸೆ ಕಾಲನ್ನು ಒತ್ತಿ ಕಟ್ಟುವುದು. ನಾಲ್ಕು ಪದರದ ಬ್ಯಾಂಡೇಜಿಗೆ ನುರಿತ ಕೈ ಬೇಕು. ಆದರೆ ಎರಡು ಪದರದ ಬಿಗಿ ಕಾಲುಚೀಲವೂ ಅಷ್ಟೇ ಫಲಕಾರಿ ಎಂದು 457 ಜನರ ಮೇಲಿನ, 2014ರ ಬ್ರಿಟಿಷ್ ಪ್ರಯೋಗ ತೋರಿಸಿತು: ಮಾಯಲು ಹಿಡಿದ ಮಧ್ಯಮ ಅವಧಿ 99 ಮತ್ತು 98 ದಿನಗಳು. ಜೊತೆಗೆ, ದೋಷವಿರುವ ಅಭಿಧಮನಿಯನ್ನು ಹುಣ್ಣು ಮಾಯುವವರೆಗೆ ಕಾಯದೆ ಬೇಗನೆ ಲೇಸರ್ ಮುಂತಾದ ವಿಧಾನದಿಂದ ಮುಚ್ಚಿದಾಗ ಅವಧಿ 82 ದಿನಗಳಿಂದ 56 ದಿನಗಳಿಗೆ ಇಳಿಯಿತೆಂದು 450 ಜನರ ಮೇಲಿನ, 2018ರ ಪ್ರಯೋಗ ತಿಳಿಸಿತು. ಆದ್ದರಿಂದ ನಾಳಗಳಲ್ಲಿ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿಕೊಂಡು ರಕ್ತನಾಳ ತಜ್ಞರನ್ನು ಕಾಣಿರಿ. ಬಿಗಿಯಾಗಿ ಕಟ್ಟುವ ಮೊದಲು ಕಾಲಿಗೆ ರಕ್ತ ತರುವ ನಾಳವಾದ ಅಪಧಮನಿಯಲ್ಲಿ ರಕ್ತದ ಹರಿವು ಚೆನ್ನಾಗಿದೆಯೆಂದು ಗೆಣ್ಣು ಮತ್ತು ತೋಳಿನ ರಕ್ತದೊತ್ತಡ ಹೋಲಿಸಿ ನೋಡಬೇಕು. ಅದಿಲ್ಲದೆ ಅಂಗಡಿಯಿಂದ ಕಾಲುಚೀಲ ತಂದು ಹಾಕಿಕೊಂಡರೆ ಪಾದವೇ ಅಪಾಯಕ್ಕೆ ಸಿಲುಕಬಹುದು.

ಪ್ರಶ್ನೆ: ಗಾಯದ ಕೀವಿನ ಕಲ್ಚರ್ ವರದಿಯಲ್ಲಿ ಬ್ಯಾಕ್ಟೀರಿಯಾ ಇದೆಯೆಂದು ಬಂದಿದೆ. ಜ್ವರವಿಲ್ಲ, ಊತವಿಲ್ಲ. ಆ್ಯಂಟಿಬಯೋಟಿಕ್ ತೆಗೆದುಕೊಳ್ಳಬೇಕೇ? (ಉಡುಪಿ)

ಉತ್ತರ: ತೆರೆದ ಹಳೆಯ ಗಾಯದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ, ವರದಿಯೊಂದೇ ಸೋಂಕಿಗೆ ಪುರಾವೆಯಲ್ಲ. ಸುತ್ತಲೂ ಕೆಂಪಾಗಿ ಹರಡುವುದು, ಬಿಸಿ, ಊತ, ನೋವು, ಕೀವು ಇವುಗಳಲ್ಲಿ ಕನಿಷ್ಠ ಎರಡು ಕಂಡಾಗ ಸೋಂಕೆಂದು ಪರಿಗಣಿಸಿ ಔಷಧ ಕೊಡುತ್ತಾರೆ. ಕೆಂಪು ಬೇಗನೆ ಮೇಲೇರಿದರೆ, ಚಳಿಜ್ವರ ಬಂದರೆ, ದುರ್ವಾಸನೆ ಹೊಡೆದರೆ, ಸಕ್ಕರೆ ಏಕಾಏಕಿ ಏರಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಆಸ್ಪತ್ರೆಯಲ್ಲಿ ಗಾಯಕ್ಕೆ ಹಾಕುವ ಹೊಸ ಔಷಧದ ಕ್ಲಿನಿಕಲ್ ಟ್ರಯಲ್‌ಗೆ ಸೇರಿಕೊಳ್ಳಲು ನಮ್ಮ ಚಿಕ್ಕಪ್ಪನವರನ್ನು ಕೇಳಿದ್ದಾರೆ. ಮನೆಯವರೆಲ್ಲ ಹೆದರಿದ್ದಾರೆ. (ಬೆಂಗಳೂರು)

ಉತ್ತರ: ಮೇಲೆ ಹೇಳಿದ ಪ್ರತಿಯೊಂದು ಅಂಕಿಯ ಹಿಂದೆಯೂ ನಿಮ್ಮ ಚಿಕ್ಕಪ್ಪನವರಂತೆ ಗಾಯವನ್ನು ಹೊತ್ತು, ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದವರಿದ್ದಾರೆ. ಅವರಿಲ್ಲದಿದ್ದರೆ ಇಂದಿಗೂ ನಾವು ಊಹೆಯ ಮೇಲೆ ಡ್ರೆಸ್ಸಿಂಗ್ ಬರೆದುಕೊಡುತ್ತಿದ್ದೆವು. ಹಾಗೆಂದು ಸೇರಲೇಬೇಕೆಂಬ ಋಣ ಯಾರಿಗೂ ಇಲ್ಲ, ನಿರಾಕರಿಸಿದರೆ ಮಾಮೂಲಿ ಚಿಕಿತ್ಸೆಯನ್ನು ಕಡಿಮೆ ಮಾಡುವಂತಿಲ್ಲ, ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2007ರಲ್ಲಿ ಆರಂಭಿಸಿದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇಂತಹ ಔಷಧ ಪ್ರಯೋಗಗಳನ್ನು ದಾಖಲಿಸುವುದು 2009ರ ಜೂನ್ 15ರಿಂದ ಕಡ್ಡಾಯವಾಗಿದೆ, ಮತ್ತು ಅದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಹೊಸ ಔಷಧಗಳ ಪ್ರಯೋಗಕ್ಕೆ ಸಂಬಂಧಿಸಿದ 2019ರ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ದೊರೆಯಬೇಕು. ಒಪ್ಪಿಗೆ ಪತ್ರ ನಿಮ್ಮ ಚಿಕ್ಕಪ್ಪನವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದ ಪ್ರತಿಯನ್ನು ಮನೆಗೆ ತಂದು, ಎರಡು ದಿನ ಎಲ್ಲರೂ ಓದಿ, ತಿಳಿಯದ ಸಾಲುಗಳಿಗೆ ಗುರುತು ಹಾಕಿಕೊಂಡು ಹೋಗಿ ಕೇಳಿರಿ. ಹೊಸ ಔಷಧ ಸಿಗದ ಗುಂಪಿಗೆ ಹಂಚಿಕೆಯಾದರೆ ಅವರಿಗೆ ಯಾವ ಚಿಕಿತ್ಸೆ ಕೊಡುತ್ತಾರೆ? ಎರಡೂ ಗುಂಪಿನವರಿಗೆ ಒತ್ತಡ ಇಳಿಸುವ ಪ್ಲಾಸ್ಟರ್ ಅಥವಾ ಪಾದರಕ್ಷೆಯ ವ್ಯವಸ್ಥೆ, ರಕ್ತ ಸಂಚಾರದ ಪರೀಕ್ಷೆ, ಕ್ರಮವಾಗಿ ಗಾಯ ಸ್ವಚ್ಛಗೊಳಿಸುವಿಕೆ ಇವೆಯೇ? ಯಶಸ್ಸೆಂದು ಅವರು ಅಳೆಯುವುದು ಗಾಯ ಪೂರ್ತಿ ಮಾಯುವುದನ್ನೋ, ಅಥವಾ ಸ್ವಚ್ಛವಾಗಿ ಕಾಣುವುದನ್ನು ಮಾತ್ರವೋ? ಈ ಮೂರು ಪ್ರಶ್ನೆಗಳಿಗೆ ಸಂಶೋಧಕರು ತಾಳ್ಮೆಯಿಂದ, ನೇರವಾಗಿ ಉತ್ತರಿಸಿದರೆ, ಮತ್ತು ಚಿಕ್ಕಪ್ಪನವರಿಗೇ ಮನಸ್ಸಿದ್ದರೆ, ಸೇರಲು ಹಿಂಜರಿಯಬೇಕಾಗಿಲ್ಲ. ಉತ್ತರ ತೇಲಿಸಿದಂತೆ ಕಂಡರೆ ಸಹಿ ಹಾಕಬೇಡಿರಿ.